ಗುರುಪಾದಪ್ಪನ ಮೊಣಕಾಲು

ಬೆಳಗಾವಿಯ ವಡಗಾವಿಯಲ್ಲಿ ಮಗ್ಗ ಕೆಟ್ಟು ನಿಂತರೆ ಜನ ಗುರುಪಾದಪ್ಪನ ಅಂಗಡಿಗೆ ಬರುತ್ತಿದ್ದರು. ಅಂಗಡಿ ಎನ್ನುವುದು ಅವನ ಮಾತು. ನೋಡುವವರಿಗೆ ಅದು ಓಣಿಯ ತುದಿಯಲ್ಲಿ ತಗಡು ಹೊದಿಸಿದ ಉದ್ದನೆಯ ಕೋಣೆ, ಒಳಗೆಲ್ಲ ಸತ್ತ ಮಗ್ಗಗಳು. ನೇಯುವುದನ್ನು ಬಿಟ್ಟವರ ಮಗ್ಗವನ್ನು ತೂಕದ ಮೇಲೆ ಕೊಂಡು ತಂದು, ಬಿಚ್ಚಿ, ಲಾಳಿಯನ್ನು ಒಂದು ಮೂಲೆಗೆ, ಹಲ್ಲಿನ ಗಾಲಿಯನ್ನು ಇನ್ನೊಂದು ಮೂಲೆಗೆ, ಮೋಟಾರನ್ನು ಗೋಡೆಯ ಬದಿಗೆ ಹಾಕುತ್ತಿದ್ದ. ಮತ್ತೊಬ್ಬರ ಮಗ್ಗ ನಿಂತಾಗ ಅವು ಅಲ್ಲಿಗೆ ಹೋಗಿ ಕೂಡುತ್ತಿದ್ದವು. ಊರಿನ ಅರ್ಧ ಮಗ್ಗಗಳು ಇನ್ನೊಬ್ಬರ ಎಲುಬಿನ ಮೇಲೆ ನಿಂತಿವೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ಆ ಎಲುಬಿನ ದರ ಕೇಳಿದವರು ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಕುಳಿತುಕೊಳ್ಳುತ್ತಿದ್ದರು.

ನನ್ನದು ನೂಲಿನ ವ್ಯಾಪಾರ. ಅವನ ಗಿರಾಕಿಗಳೇ ನನ್ನ ಗಿರಾಕಿಗಳು. ಯಾರು ನೇಯುವುದನ್ನು ಬಿಡಲಿದ್ದಾರೆ ಎಂಬುದು ನನಗೆ ಮೊದಲು ಗೊತ್ತಾಗುತ್ತಿತ್ತು, ಏಕೆಂದರೆ ಅವರು ನೂಲು ಒಯ್ಯುವುದನ್ನು ನಿಲ್ಲಿಸುತ್ತಿದ್ದರು. ಆ ಸುದ್ದಿಗಾಗಿ ಗುರುಪಾದಪ್ಪ ನನಗೆ ದಿನಾ ಮಧ್ಯಾಹ್ನ ಚಹಾ ಕುಡಿಸುತ್ತಿದ್ದ. ಸುದ್ದಿ ಇಲ್ಲದ ದಿನವೂ ಕುಡಿಸುತ್ತಿದ್ದ. ಅದಕ್ಕೆ ಸ್ನೇಹ ಎಂದು ಹೆಸರು.

ಅವನಿಗೆ ಪ್ರಶ್ನೆ ಕೇಳುವ ಚಟವಿತ್ತು. ಮಠದ ಪ್ರವಚನಕ್ಕೆ ಹೋದರೆ ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತಿಗೆ ಸರಿಯಾಗಿ ಕೈ ಎತ್ತುತ್ತಿದ್ದ. ಆತ್ಮ ಹೋಗುವಾಗ ಮಾಡಿದ್ದನ್ನೆಲ್ಲ ಜೊತೆಗೆ ಒಯ್ಯುತ್ತದೆ ಎಂದಿರಿ, ಮರೆವಿನ ರೋಗ ಬಂದು ಮಕ್ಕಳ ಹೆಸರೂ ಮರೆತವರ ಆತ್ಮ ಏನನ್ನು ಒಯ್ಯುತ್ತದೆ ಎಂದು ಒಮ್ಮೆ ಕೇಳಿದ. ಪ್ರವಚನ ಹೇಳುವವರು ಬಹಳ ಒಳ್ಳೆಯ ಪ್ರಶ್ನೆ ಎಂದು ಹೊಗಳಿ ಮಂಗಳಾರತಿ ಹಚ್ಚಿಸಿದರು. ಪ್ರಸಾದ ತಡವಾಗಿದ್ದಕ್ಕೆ ಹಸಿದವರೆಲ್ಲ ಗುರುಪಾದಪ್ಪನನ್ನೇ ಬೈದರು.

ಇಂಥವನಿಗೆ ಸೋಲು ಬಂದದ್ದು ಮೊಣಕಾಲಿನಿಂದ. ವರ್ಷಗಟ್ಟಲೆ ಕಬ್ಬಿಣ ಎತ್ತಿ ಎತ್ತಿ ಎರಡೂ ಮೊಣಕಾಲು ಸವೆದಿದ್ದವು. ನೆಲಕ್ಕೆ ಕೂಡಲು ಬರುತ್ತಿರಲಿಲ್ಲ. ಎದೆಯ ಮೇಲಿನ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿಟ್ಟು ಪೂಜಿಸುವಾಗಲೂ ಪ್ಲಾಸ್ಟಿಕ್ ಕುರ್ಚಿಯೇ ಗತಿ. ದಿನಾ ಸಂಜೆ ಅವನ ಹೆಂಡತಿ ಬಸವಣ್ಣೆವ್ವ ಎಣ್ಣೆ ಬಿಸಿ ಮಾಡಿ ಮೊಣಕಾಲು ತಿಕ್ಕುತ್ತಿದ್ದಳು. ತಿಕ್ಕುವಷ್ಟು ಹೊತ್ತೂ ಬೈಯುತ್ತಿದ್ದಳು: ಕಬ್ಬಿಣ ಎತ್ತಿದ್ದಕ್ಕೆ, ಆಪರೇಷನ್ ಬೇಡ ಎಂದದ್ದಕ್ಕೆ, ಊಟಕ್ಕೆ ತಡವಾಗಿ ಬಂದದ್ದಕ್ಕೆ. ಎಣ್ಣೆಗಿಂತ ಬೈಗುಳದ ಕಾವೇ ಹೆಚ್ಚು ಕೆಲಸ ಮಾಡುತ್ತದೆ ಎಂದು ಅವನು ನನಗೆ ಹೇಳಿದ್ದುಂಟು. ಆದರೆ ಆಕೆ ಕೇಳುವಂತೆ ಹೇಳಿದ್ದಿಲ್ಲ.

ಆಪರೇಷನ್ ಮಾತು ಎತ್ತಿದವರು ಡಾಕ್ಟರ್ ಅಲಕಾ, ಪೇಟೆಯಲ್ಲಿ ದವಾಖಾನೆ ಇಟ್ಟಿರುವ ಎಲುಬಿನ ವೈದ್ಯೆ. ಎಕ್ಸ್‌ರೇ ಎತ್ತಿ ಹಿಡಿದು ಒಳಗಿನ ಸವಕಳಿ ತೋರಿಸಿದರು. ಗುರುಪಾದಪ್ಪನಿಗೆ ತನ್ನ ಕಾಲಿಗಿಂತ ಅವರ ವಿದ್ಯೆಯ ಮೇಲೆ ಕುತೂಹಲ. ಒಳಗೆ ಹೀಗಿದೆ ಎಂದು ಮೊದಲು ಎಲ್ಲಿ ನೋಡಿದಿರಿ ಎಂದು ಕೇಳಿದ. ಕಾಲೇಜಿನ ಮೊದಲ ವರ್ಷ, ದಾನ ಕೊಟ್ಟ ದೇಹದಲ್ಲಿ ಎಂದರು ಅವರು. ಹೆಸರು ಯಾರೂ ಹೇಳಲಿಲ್ಲ, ಮುದುಕಿ, ಕೈಮೇಲೆ ತುಳಸಿಕಟ್ಟೆಯ ಹಚ್ಚೆ ಇತ್ತು. ಕಲಿಸಿದ ಕೆಲವು ಮೇಷ್ಟ್ರುಗಳ ಮುಖ ಮರೆತಿದೆ, ಆ ಹಚ್ಚೆ ಮರೆತಿಲ್ಲ ಎಂದರು.

ಅಷ್ಟು ಸಿಕ್ಕಿದ್ದೇ ಸಾಕಾಯಿತು, ಅವನು ತನ್ನ ಹಳೆಯ ಪ್ರಶ್ನೆಯನ್ನು ಹೊರಗೆ ತೆಗೆದ: ಸತ್ತಾಗ ಹೋಗುವುದೇನು? ಡಾಕ್ಟರ್ ಸುಮ್ಮನೆ ನಕ್ಕು ಕಳಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅವರು ಸ್ವಲ್ಪ ಯೋಚಿಸಿ, "ಕಾಕಾ, ಏನು ನಿಂತೈತಿ ಅನ್ನೂದು ನಾವು ಹೇಳ್ತೇವಿ. ಏನು ಹೋತು ಅನ್ನೂದು ನಮಗ ಗೊತ್ತಿಲ್ಲ" ಎಂದರು.

ಆ ಮಾತನ್ನು ಅವನು ಬೆಳ್ಳಿಯ ನಾಣ್ಯದಂತೆ ಹಿಡಿದುಕೊಂಡು ಅಂಗಡಿಗೆ ಬಂದ. ಮಾಲಿನ ಹುಳುಕನ್ನು ತಾವೇ ತೋರಿಸುವ ವ್ಯಾಪಾರಿಗಳನ್ನು ಅವನು ಬಹಳ ನೋಡಿರಲಿಲ್ಲ. ನನ್ನನ್ನಂತೂ ಆ ಸಾಲಿಗೆ ಸೇರಿಸಿರಲಿಲ್ಲ. ಮೊಣಕಾಲು ಸವೆದದ್ದನ್ನು ಡಾಕ್ಟರಿಗೆ ಕಲಿಸಿದವಳು ಯಾರೋ ತುಳಸಿಕಟ್ಟೆಯ ಮುದುಕಿ, ಅವಳಿಗೆ ನಾನೇನು ತಿರುಗಿ ಕೊಟ್ಟೆ ಎಂದು ವಾರಗಟ್ಟಲೆ ಕೇಳುತ್ತ ಹೋದ. ಕೊನೆಗೆ ಒಂದು ಮಧ್ಯಾಹ್ನ ಚಹಾದ ಜೊತೆಗೆ, ತನ್ನ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡುವುದಾಗಿ ಹೇಳಿದ.

ಸತ್ತ ದೇಹಕ್ಕೆ ಪೇಟೆಯಲ್ಲಿ ಬೆಲೆ ಇಲ್ಲ, ಅದನ್ನು ಕೊಟ್ಟು ದೊಡ್ಡಸ್ತಿಕೆ ಯಾಕೆ ಎಂದೆ ನಾನು.

"ಬೆಲಿ ಇಲ್ಲಂದ್ರ ಅದರ ಸಲುವಾಗಿ ಇಷ್ಟ ಮಂದಿ ಯಾಕ ಜಗಳ ತಗೀತಾರೋ?" ಎಂದ. "ಮಠದವರು ನಮ್ಮದು ಅಂತಾರ, ಮನಿಯವರು ನಮ್ಮದು ಅಂತಾರ. ಬಿಚ್ಚಿ ಕೊಟ್ಟರ ಹತ್ತು ಮಗ್ಗ ನಡೀತಾವ ಅನ್ನೂದು ನಿನಗ ಹೇಳಬೇಕೇನು?"

ಮನೆಯಲ್ಲಿ ಇದು ಅಷ್ಟು ಸುಲಭವಾಗಿ ನಡೆಯಲಿಲ್ಲ. ಇವರು ಲಿಂಗವಂತರು. ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಪೂಜೆಗೆ ಕುಳಿತಂತೆ ಕೂಡಿಸಿ, ಅಂಗೈಗೆ ಲಿಂಗ ಕೊಟ್ಟು, ಕುಣಿಯ ಗೂಡಿನಲ್ಲಿ ಇಡುತ್ತಾರೆ. ಖಾನಾಪುರದಲ್ಲಿ ಗುರುಪಾದಪ್ಪನ ಅಣ್ಣ ಗುರುಪುತ್ರಪ್ಪನ ಹೊಲವಿದೆ, ಅದರ ಮೂಲೆಯಲ್ಲಿ ಮನೆತನದವರೆಲ್ಲ ಹಾಗೆ ಕುಳಿತಿದ್ದಾರೆ. ಅಲ್ಲಿ ಗಂಡನಿಗೊಂದು ಜಾಗ, ಅವನ ಬಾಜು ತನಗೊಂದು ಜಾಗ ಎಂದು ಬಸವಣ್ಣೆವ್ವ ಮದುವೆಯಾದ ಕಾಲಕ್ಕೇ ಗುರುತು ಮಾಡಿಕೊಂಡಿದ್ದಳು. ಅಮಾವಾಸ್ಯೆಗೊಮ್ಮೆ ಹೋಗಿ ಅತ್ತೆ ಮಾವನಿಗೆ ಹೂವು ಏರಿಸಿ ಬರುತ್ತಿದ್ದಳು. ಮುಂದೆ ಯಾರು ಮೊದಲು ಹೋದರೂ ಉಳಿದವರಿಗೆ ಹೋಗಿ ಕೂಡಲು ಒಂದು ಜಾಗ ಇರುತ್ತದೆ ಎಂಬುದು ಆಕೆಯ ಲೆಕ್ಕ.

"ನಾ ಎಲ್ಲಿ ಹೂವು ಏರಿಸ್ಲಿ?" ಎಂದು ನನ್ನ ಮುಂದೆಯೇ ಕೇಳಿದಳು. "ಕಾಲೇಜಿನ ಗೇಟಿಗೇನು? ವಾಚ್‌ಮನ್ ಬಿಡ್ತಾನೇನು?"

 ಏಳನೇ ಇಯತ್ತೆ ಫೇಲಾದವನು ನೇರ ಮೆಡಿಕಲ್ ಕಾಲೇಜು ಸೇರುತ್ತೇನೆ, ಫೀಸೂ ಇಲ್ಲ, ಎಂದು ಗುರುಪಾದಪ್ಪ ನಗಿಸಲು ನೋಡಿದ. ಆಕೆ ನಗಲಿಲ್ಲ. ಕೊನೆಗೆ ಕಾನೂನಿನಲ್ಲಿದ್ದ ಒಂದು ಸಂಗತಿಯನ್ನು ಅವಳ ಮುಂದಿಟ್ಟ: ಅವನು ಎಷ್ಟೇ ಬರೆದುಕೊಟ್ಟರೂ ಆ ಹೊತ್ತಿಗೆ ಮನೆಯವರು ಒಪ್ಪದೆ ಕಾಲೇಜಿನವರು ಒಯ್ಯುವುದಿಲ್ಲ.

"ಮಾಲ ನಂದು, ಸಹಿ ನಿಂದು. ಆವತ್ತು ನಿನಗ ಹೆಂಗ ಕಾಣತೈತಿ ಹಂಗ ಮಾಡು. ನಾನೇನು ಎದ್ದು ಕೇಳಾಂಗಿಲ್ಲ."

ಬಸವಣ್ಣೆವ್ವ ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಎಣ್ಣೆಯ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಖಾನಾಪುರಕ್ಕೆ ಸುದ್ದಿ ಮುಟ್ಟಿದಾಗ ಗುರುಪುತ್ರಪ್ಪ ಮಾತ್ರ ನೇರವಾಗಿ ಹೇಳಿದ, ತಾನು ಬದುಕಿರುವ ತನಕ ಇದು ಆಗುವುದಿಲ್ಲ ಎಂದು.

ಗುರುಪಾದಪ್ಪ ಸತ್ತದ್ದು ಅದೇ ಅಣ್ಣನ ಮನೆಯಲ್ಲಿ. ಖಾನಾಪುರದ ಕಡೆ ಬಾಗಿಲು ಹಾಕಿದ ಹೆಂಚಿನ ಕಾರ್ಖಾನೆಯೊಂದರ ಮೋಟಾರು ಮಾರಾಟಕ್ಕಿದೆ ಎಂದು ನೋಡಲು ಹೋಗಿದ್ದ. ರಾತ್ರಿ ಅಣ್ಣನಲ್ಲಿ ಉಳಿದ. ಬೆಳಿಗ್ಗೆ ಸ್ನಾನ, ಪೂಜೆ, ಚಹಾ ಎಲ್ಲ ಮುಗಿಸಿ ಕುರ್ಚಿಯಲ್ಲಿ ಕುಳಿತಿದ್ದವನು ಹಾಗೆಯೇ ಹೋಗಿಬಿಟ್ಟ. ಅಲ್ಲಿಯ ಡಾಕ್ಟರು ಬಂದು ನೋಡಿ ಹೃದಯ ನಿಂತಿದೆ ಎಂದರು. ಇಷ್ಟೆಲ್ಲ ಬೆಳಿಗ್ಗೆ ಆದದ್ದು ನಮಗೆ ಗೊತ್ತಾದದ್ದು ಮಧ್ಯಾಹ್ನ. ಫೋನಿಗೆ ರೇಂಜ್ ಇರಲಿಲ್ಲ ಎಂದು ಗುರುಪುತ್ರಪ್ಪ ಹೇಳಿದ. ಹೊಲದಲ್ಲಿ ಕುಣಿ ತೋಡಿ ಮುಗಿದ ಮೇಲೆ ರೇಂಜ್ ಬಂತು.

ನನ್ನ ಕಾರಿನಲ್ಲಿ ಹೊರಟೆವು. ಬಸವಣ್ಣೆವ್ವ ಹಿಂದೆ ಕುಳಿತಳು, ಮಗ ಗೌರೀಶನನ್ನು ಮಚ್ಛೆಯ ಕಾರ್ಖಾನೆಯ ಗೇಟಿನಲ್ಲಿ ಹತ್ತಿಸಿಕೊಂಡೆವು. ಅವನು ಕೆಲಸದ ಅಂಗಿಯಲ್ಲೇ ಇದ್ದ.  ಮಚ್ಛೆ ದಾಟಿದ ಮೇಲೆ ಗೌರೀಶ ತಾಯಿಯ ಕಡೆ ತಿರುಗಿ, ಕಾಲೇಜಿಗೆ ಹೇಳಬೇಕೋ ಬೇಡವೋ ಎಂದು ಕೇಳಿದ. ಕೇಳುವಾಗ ಅವನ ದನಿ ತಾನು ಕೇಳಬಾರದಿತ್ತೇನೋ ಎಂಬಂತಿತ್ತು.

"ಫೋನ್ ಹಚ್ಚು. ಬರ್ಲಿ," ಎಂದಳು ಆಕೆ. "ಕೊಡೂದೋ ಬಿಡೂದೋ ಅಲ್ಲಿ ಅವರನ್ನ ನೋಡಿ ಹೇಳ್ತೇನಿ."

ಖಾನಾಪುರದ ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಪಡಸಾಲೆಯ ಗೋಡೆಗೆ ಆನಿಸಿ ಗುರುಪಾದಪ್ಪನನ್ನು ಕೂಡಿಸಿದ್ದರು. ಬೀಳದಂತೆ ಎದೆಗೆ ಪಟ್ಟಿ ಕಟ್ಟಿ ಹಿಂದಿನ ಗೂಟಕ್ಕೆ ಬಿಗಿದಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ಮುಂದೆ ದೀಪ, ಬದಿಗೆ ಭಜನೆಯವರು. ಕಾಲುಗಳನ್ನು ಚೆನ್ನಾಗಿ ಮಡಚಿ ಚಕ್ಕಳಮಕ್ಕಳ ಹಾಕಿಸಿದ್ದರು. ಬದುಕಿದ್ದಾಗ ದೇವರ ಮುಂದೆಯೂ ಹಾಗೆ ಕೂಡಲು ಬಾರದವನು ಈಗ ನೆಂಟರ ಮುಂದೆ ಅಚ್ಚುಕಟ್ಟಾಗಿ ಕುಳಿತಿದ್ದ.

ಬಸವಣ್ಣೆವ್ವ ಬಾಗಿಲಲ್ಲಿ ನಿಂತು ಅವನ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು. ಹೆಂಗಸರು ಆಕೆಯನ್ನು ಹಿಡಿದುಕೊಳ್ಳಲು ಬಂದರು. ಆಕೆ ಬೀಳುವವಳಂತೆ ಕಾಣಲಿಲ್ಲ.

"ಅವರ ಮೊಣಕಾಲ ನೋಯ್ತಾವ," ಎಂದಳು.

ಯಾರೋ ಅತ್ತರು. ದುಃಖದಲ್ಲಿ ಹಾಗೆ ಅಂದಳು ಎಂದು ಎಲ್ಲರೂ ತಿಳಿದರು. ನಾನೂ ಹಾಗೆಯೇ ತಿಳಿದೆ.

ಸ್ವಲ್ಪ ಹೊತ್ತಿಗೆ ಕಾಲೇಜಿನ ಗಾಡಿ ಬಂತು. ಇಳಿದವನು ಅಭಿಜಿತ, ಅಂಗರಚನೆ ವಿಭಾಗದಲ್ಲಿ ದೇಹಗಳನ್ನು ನೋಡಿಕೊಳ್ಳುವ ಹುದ್ದೆಯವನು, ಖಾನಾಪುರದವರ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ. ಸ್ಟ್ರೆಚರ್ ಹಿಡಿದು ಒಳಗೆ ಬಂದವನು ಪಡಸಾಲೆಯಲ್ಲಿ ನಿಂತುಬಿಟ್ಟ. ಕೈಮುಗಿದು, ಹತ್ತಿರ ಹೋಗಿ, ಮೊಣಕಾಲನ್ನು ಮೆಲ್ಲಗೆ ಒತ್ತಿ ನೋಡಿದ. ಬೆಳಗಿನಿಂದ ಕುಳಿತ ದೇಹ ಸೆಟೆದುಕೊಂಡಿತ್ತು. ಕಲ್ಲಿನಂತೆ.

"ಹಿಂಗ ಕುಂತವರನ್ನ ಗಾಡ್ಯಾಗ ಮಲಗಸೂದು ಹೆಂಗ್ರಿ?" ಎಂದ. ಮಲಗದಿದ್ದರೆ ಅಲ್ಲಿಯೂ ಕಷ್ಟ, ಮೈಯೆಲ್ಲ ಔಷಧಿ ಹರಿಯಲು ದೇಹ ಚಾಚಿಕೊಂಡಿರಬೇಕು ಎಂದು ವಿವರಿಸಿದ. ಅನೇಕ ವರ್ಷದಿಂದ ಈ ಕೆಲಸದಲ್ಲಿದ್ದರೂ ಕುಳಿತು ಕಾಯುತ್ತಿದ್ದ ದಾನಿ ಇವರೇ ಮೊದಲು ಎಂದೂ ಸೇರಿಸಿದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ, ಆದರೂ ಭಜನೆಯವರಲ್ಲಿ ಒಬ್ಬ ಕೆಮ್ಮಿದ.

ಗುರುಪುತ್ರಪ್ಪನಿಗೆ ಇದು ತಮ್ಮನೇ ಕೊಟ್ಟ ತೀರ್ಪಿನಂತೆ ಕಂಡಿತು. "ನೋಡ್ರಿ, ಅಂವಗ ಹೋಗೂ ಮನಸ್ಸಿಲ್ಲ. ಹೋಗೂದಿದ್ರ ಹಿಂಗ ಕುಂದರ್ತಿದ್ದನೇನು?" ಎಂದ. ತಾವೇ ಮಡಚಿದ ಕಾಲು ಎಂಬುದು ಆ ಕ್ಷಣದಲ್ಲಿ ಅವನಿಗೆ ಮರೆತಿತ್ತು. ಆಮೇಲೆ ಗೌರೀಶನ ಕಡೆ ತಿರುಗಿ ತನ್ನೊಳಗೆ ಬಹಳ ದಿನದಿಂದ ಕುದಿಯುತ್ತಿದ್ದದ್ದನ್ನು ಹೊರಹಾಕಿದ: ಊರವರು ಏನು ಮಾತಾಡುತ್ತಾರೆ ಗೊತ್ತೇ, ಗುಜರಿಯವನ ಮಗ ಅಪ್ಪನನ್ನೂ ತೂಕಕ್ಕೆ ಹಾಕಿದ ಎನ್ನುತ್ತಾರೆ. ಗೌರೀಶ ಕಾರ್ಖಾನೆಯ ಅಂಗಿಯ ಗುಂಡಿಯನ್ನು ತಿರುವುತ್ತ ನಿಂತ. ದೊಡ್ಡಪ್ಪನಿಗೆ ಎದುರಾಡಿದವನಲ್ಲ.

ಬಸವಣ್ಣೆವ್ವ ಅಷ್ಟೂ ಹೊತ್ತು ಗಂಡನ ಮೊಣಕಾಲಿನ ಪಕ್ಕದಲ್ಲೇ ನೆಲಕ್ಕೆ ಕುಳಿತಿದ್ದಳು. ಅಲ್ಲಿಂದಲೇ ತಲೆ ಎತ್ತಿದಳು.

"ಭಾವಾರ, ಒಂದು ಕೇಳ್ತೇನಿ. ಈಗ ಅವರಿಗೆ ನೋವು ಗೊತ್ತಾಕ್ಕೈತೇನ್ರಿ?"

"ಹೆಂಗ ಗೊತ್ತಾಗಬೇಕು ಯವ್ವಾ. ಹೋದ ಜೀವಕ್ಕ ಎಲ್ಲಿ ನೋವು?"

"ಗೊತ್ತಾಗೂದಿಲ್ಲಂದ್ರ, ಕಾಲೇಜಿನಾಗ ಕೊಯ್ದರೂ ಗೊತ್ತಾಗೂದಿಲ್ಲ. ಗೊತ್ತಾಗೂದು ಖರೇ ಅಂದ್ರ, ಇಷ್ಟ ವರ್ಷ ಮಡಚಲಾರದ ಕಾಲು ನೀವು ಮಡಚಿದ್ರಿ. ಎರಡರಾಗ ಯಾವುದು ಅನ್ನೂದು ನೀವ ಹೇಳ್ರಿ."

 ಗುರುಪಾದಪ್ಪ ಬದುಕಿದ್ದರೆ ಈ ಪ್ರಶ್ನೆ ತನ್ನದೇ ಎನ್ನುತ್ತಿದ್ದ. ಅಷ್ಟು ವರ್ಷ ಸಂಜೆ ಸಂಜೆ ಮೊಣಕಾಲು ತಿಕ್ಕಿದವಳಿಗೆ ಚಟ ಅಂಟದೆ ಇರಲು ಹೇಗೆ ಸಾಧ್ಯ.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಸಮಾಧಾನವಾಗಿ ನಡುವೆ ಬಂದರು. ಕೂಡಿಸುವುದು ದೇಹದ ಸುಖಕ್ಕಲ್ಲ, ಲಿಂಗಕ್ಕಾಗಿ, ದೇಹ ಲಿಂಗದ ಪೀಠ ಇದ್ದಂತೆ, ಪೀಠ ಅಡ್ಡ ಬೀಳಬಾರದು ಎಂದು ಈ ಪದ್ಧತಿ ಎಂದರು.

"ಹಂಗಾದ್ರ ಕೂಡಬೇಕಾದ್ದು ಲಿಂಗ," ಎಂದಳು ಆಕೆ.

"ಹೌದವಾ."

"ಲಿಂಗ ಕೂಡಸ್ರಿ. ಅವರು ಮಲಗಲಿ."

 ತೆಗೆದ ಕುಣಿಯನ್ನು ಬರಿದು ಮುಚ್ಚಬಾರದು, ಮನೆಗೆ ಕೇಡು ಎಂದು ಗುರುಪುತ್ರಪ್ಪ ಕೊನೆಯ ಮಾತು ತೆಗೆದ. ಬರಿದು ಮುಚ್ಚುವುದಿಲ್ಲ ಎಂದಳು ಆಕೆ. ಇಷ್ಟು ವರ್ಷ ಅವರ ಎದೆಯ ಮೇಲೆ ಇದ್ದದ್ದು ಅಲ್ಲಿ ಇರುತ್ತದೆ, ತಾನು ಹೂವು ತಂದರೆ ಏರಿಸಲು ಜಾಗ ಇರುತ್ತದೆ ಎಂದಳು. ಎಲ್ಲರೂ ಅಯ್ಯನವರ ಕಡೆ ನೋಡಿದರು.  ಅವರಿಗೆ ನೂರು ನೆವ ಹೇಳಿ ಎದ್ದು ಹೋಗಲು ದಾರಿ ಇತ್ತು.

"ಹಿಂಗ ಮಾಡಿದ್ದು ನಾ ನೋಡಿಲ್ಲ," ಎಂದರು. "ಮಾಡಬಾರದು ಅಂತ ನನಗ ಯಾರೂ ಹೇಳೂ ಇಲ್ಲ."

ಡಾಕ್ಟರ್ ಅಲಕಾ ನನಗೆ ನೆನಪಾದದ್ದು ಆಗ. ಗೊತ್ತಿಲ್ಲ ಎನ್ನಲು ಅಂಜದವರು ಈ ಜಿಲ್ಲೆಯಲ್ಲಿ ಇಬ್ಬರಾದರು.

ಅಯ್ಯನವರು ಕೊರಳಿನ ದಾರ ಬಿಚ್ಚಿ, ಲಿಂಗವನ್ನು ತೆಗೆದು ಬೆಳ್ಳಿಯ ತಟ್ಟೆಯಲ್ಲಿ ಬಿಲ್ವಪತ್ರೆಯ ಮೇಲೆ ಇಟ್ಟರು. ಎದೆಯ ಪಟ್ಟಿ ಬಿಚ್ಚಿದರು. ಗುರುಪಾದಪ್ಪ ಕದಲಲಿಲ್ಲ, ಪಟ್ಟಿ ಇಲ್ಲದೆಯೂ ಕುಳಿತೇ ಇದ್ದ. ಅಭಿಜಿತ ಮುಂದೆ ಬಂದ. ಸೆಟೆದ ಕೀಲನ್ನು ಅವಸರ ಮಾಡದೆ ತಿಕ್ಕುತ್ತ ಬಂದರೆ ಸಡಿಲವಾಗುತ್ತದೆ, ತಾನು ಮಾಡುತ್ತೇನೆ ಎಂದ.

ಬಸವಣ್ಣೆವ್ವ ಅವನ ಕೈ ಸರಿಸಿದಳು. ಗುರುಪುತ್ರಪ್ಪನ ಹೆಂಡತಿ ಗಂಗಾದೇವಿಗೆ ಎಣ್ಣೆ ಬಿಸಿ ಮಾಡಿಕೊಂಡು ಬಾ ಎಂದಳು. ಗಂಗಾದೇವಿ ಗಂಡನ ಮುಖ ನೋಡದೆ ಒಳಗೆ ಹೋದಳು.

ಆಮೇಲೆ ನಡೆದದ್ದು ಕ್ರಿಯೆಯೋ ಚಿಕಿತ್ಸೆಯೋ ನಾನು ಹೇಳಲಾರೆ. ಆಕೆ ಸೆರಗು ಸಿಕ್ಕಿಸಿಕೊಂಡು ಬಲಗಾಲಿನ ಮೊಣಕಾಲಿಗೆ ಎಣ್ಣೆ ಹಚ್ಚಿದಳು, ದಿನಾ ಸಂಜೆ ಹಚ್ಚುವಂತೆ, ಹೆಬ್ಬೆರಳು ಕೀಲಿನ ಅಡಿಗಿಟ್ಟು. ಬೈಗುಳವೂ ಶುರುವಾಯಿತು, ಮೆಲ್ಲನೆಯ ದನಿಯಲ್ಲಿ. ಮೋಟಾರು ನೋಡಲು ಹೋಗಬೇಡಿ ಎಂದಿದ್ದೆ. ಇಷ್ಟು ದೂರ ಬಸ್ಸಿನಲ್ಲಿ ಬಂದರೆ ಕಾಲು ಏನಾಗಬೇಕು. ಹೇಳಿದ ಮಾತು ಯಾವಾಗ ಕೇಳಿದ್ದೀರಿ. ಅಭಿಜಿತ ಹಿಮ್ಮಡಿ ಹಿಡಿದು ಸ್ವಲ್ಪ ಸ್ವಲ್ಪ ಎಳೆಯುತ್ತಿದ್ದ. ಬಲಗಾಲು ಬಿಚ್ಚಿತು. ಎಡಗಾಲು ಹಠ ಮಾಡಿತು, ಅದು ಮೊದಲಿನಿಂದಲೂ ಹೆಚ್ಚು ಕೆಟ್ಟ ಕಾಲು. ಆಗ ಗುರುಪುತ್ರಪ್ಪ ಎದ್ದು ಬಂದು, ಯಾರ ಮುಖವನ್ನೂ ನೋಡದೆ, ತಮ್ಮನ ಬೆನ್ನಿಗೆ ಕೈ ಕೊಟ್ಟು ಹಿಡಿದ. ಹೀಗೆ ಮೂವರೂ ಸೇರಿ ಅವನನ್ನು ಮಲಗಿಸಿದರು.

ಸಹಿ ಮಾಡುವಾಗ ಆಕೆಯ ಬೆರಳಿನ ಎಣ್ಣೆ ಕಾಗದಕ್ಕೆ ಹತ್ತಿತು. ಅಭಿಜಿತ ಅಡ್ಡಿ ಇಲ್ಲ ಎಂದ. ಗಾಡಿ ಹೊರಡುವಾಗ ಬಸವಣ್ಣೆವ್ವ ಅವನಿಗೆ ಒಂದೇ ಮಾತು ಹೇಳಿದಳು, ಅಲ್ಲಿ ಹುಡುಗರಿಗೆ ಆ ಎಡಗಾಲನ್ನು ತೋರಿಸು ಎಂದು.

ಮೋಡದ ಬೆಳಕಿನಲ್ಲಿ ನಾವೆಲ್ಲ ಹೊಲಕ್ಕೆ ಹೋದೆವು. ಮುಂದೆ ತಟ್ಟೆ ಹಿಡಿದ ಅಯ್ಯನವರು, ಹಿಂದೆ ಊರು. ಒಬ್ಬ ಮನುಷ್ಯನಿಗಾಗಿ ಬೆಳಗಿನಿಂದ ತೋಡಿದ ದೊಡ್ಡ ಕುಣಿ, ಅದರ ಗೂಡಿನಲ್ಲಿ ಅಡಿಕೆಗಿಂತ ಸ್ವಲ್ಪ ದೊಡ್ಡದಾದ ಒಂದು ಲಿಂಗ. ಅಷ್ಟು ಸಣ್ಣ ಮಾಲಕನಿಗೆ ಅಷ್ಟು ದೊಡ್ಡ ಮನೆ ನಾನು ಬೆಳಗಾವಿಯಲ್ಲೂ ನೋಡಿಲ್ಲ. ಗುರುಪುತ್ರಪ್ಪ ಮೊದಲ ಮಣ್ಣು ಹಾಕಿದ. ತೋಡಿದವರು ಮಾತ್ರ, ಮೊದಲೇ ಹೇಳಿದ್ದರೆ ಒಂದು ಮೊಳ ಸಾಕಾಗುತ್ತಿತ್ತಲ್ಲ ಎಂದು ತಮ್ಮೊಳಗೆ ಮಾತಾಡಿಕೊಂಡರು.

ಈಗ ಅಂಗಡಿಯನ್ನು ಗೌರೀಶ ಭಾನುವಾರ ಮಾತ್ರ ತೆರೆಯುತ್ತಾನೆ. ನಾನು ಅಭ್ಯಾಸದಂತೆ ಹೋಗುತ್ತೇನೆ, ಚಹಾ ಬಸವಣ್ಣೆವ್ವ ಕಳಿಸುತ್ತಾಳೆ. ಅಮಾವಾಸ್ಯೆಗೆ ಆಕೆ ಖಾನಾಪುರದ ಬಸ್ಸು ಹತ್ತುತ್ತಾಳೆ. ಹೂವಿನ ಚೀಲ ನೋಡಿ ಪರಿಚಯದ ಕಂಡಕ್ಟರ್ ಮುಂದಿನ ಸೀಟು ಬಿಡಿಸಿ ಕೊಡುತ್ತಾನಂತೆ. ಗುರುಪುತ್ರಪ್ಪ ಬಸ್ ನಿಲ್ದಾಣಕ್ಕೆ ಬಂದು ಕರೆದೊಯ್ಯುತ್ತಾನೆ, ಆ ದಿನದ ವಿಷಯ ಇಬ್ಬರೂ ಎತ್ತುವುದಿಲ್ಲ.

ಹೋದ ತಿಂಗಳು ಅವರ ಮನೆಯಲ್ಲಿ ಕುಳಿತಿದ್ದಾಗ ಗೌರೀಶ ತಾಯಿಯನ್ನು ಕೇಳಿದ. ತಾನೂ ಕಾಲೇಜಿಗೆ ಬರೆದುಕೊಡಬೇಕೆಂದಿದ್ದಾನೆ, ಅವ್ವನ ವಿಚಾರವೇನು, ಅಪ್ಪ ಇರುವ ಕಾಲೇಜಿಗೇ ಹೋಗುವುದಾದರೆ ಈಗಲೇ ಹೇಳಿಬಿಡಲಿ. ಬಹಳ ಜಾಗರೂಕತೆಯಿಂದ ಕೇಳಿದ. ಆಕೆ ನೆಲದ ಮೇಲೆ ಕಾಲು ಮಡಚಿಕೊಂಡು ಸೊಪ್ಪು ಸೋಸುತ್ತಿದ್ದಳು.

"ನೀ ಬೇಕಾದ್ರ ಬರಕೊಡು. ನಾ ಅಲ್ಲೇ ಹೊಲದಾಗ ಅವರ ಲಿಂಗದ ಬಾಜು ಇರ್ತೇನಿ," ಎಂದಳು. "ನನ್ನ ಮೊಣಕಾಲ ಇನ್ನೂ ಚೊಲೊ ಅದಾವ. ನಾ ಕೂಡ್ತೇನಿ."

ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ, ನೆಲಕ್ಕೆ ಕೈ ಊರದೆ ಎದ್ದು, ಚಹಾ ಇಡಲು ಒಳಗೆ ಹೋದಳು.